ಕೊಂಡ ಲೆವೆಲ್, ಖಾಲಿಯಾದ ಊರು

ಅಬುಧಾಬಿಯ ಅಲ್ ರೀಮ್ ಐಲ್ಯಾಂಡ್‌ನಲ್ಲಿ ಶುಕ್ರವಾರ ಮಧ್ಯಾಹ್ನಕ್ಕೇ ವಾರದ ಕೆಲಸ ಮುಗಿಸಿ ಕೂರುವ ಮನೆಗಳು ಬಹಳ. 2022ರ ಜನವರಿಯಿಂದ ಯುಎಇಯ ಸರ್ಕಾರಿ ಕಚೇರಿಗಳಿಗೆ, ಶಾಲೆಗಳಿಗೆ ಶುಕ್ರವಾರ ಅರ್ಧ ದಿನ, ಶನಿವಾರ ಮತ್ತು ಭಾನುವಾರ ಪೂರ್ತಿ ರಜೆ. ಸನ್ ಟವರ್, ಸ್ಕೈ ಟವರ್, ಗೇಟ್ ಟವರ್ಸ್‌ಗಳಂಥ ಎತ್ತರದ ಕಟ್ಟಡಗಳಲ್ಲಿ ಬಾಡಿಗೆಗಿರುವವರು ಬದಲಾಗುತ್ತಲೇ ಇರುತ್ತಾರೆ. ಪಕ್ಕದ ಫ್ಲಾಟಿನವರ ಪರಿಚಯವಾಗುವಷ್ಟರಲ್ಲಿ ಅವರು ದೋಹಾಕ್ಕೋ ಟೊರಾಂಟೊಕ್ಕೋ ಗಂಟುಮೂಟೆ ಕಟ್ಟಿರುತ್ತಾರೆ. ಉಡುಪಿ, ಮಂಗಳೂರು, ಕಾಸರಗೋಡು, ಬೆಂಗಳೂರಿನಿಂದ ಬಂದು ನೆಲೆಸಿದ ಮನೆಗಳ ಮಕ್ಕಳಿಗೆ, ಎಷ್ಟೋ ಸಲ ಅವರ ಅಪ್ಪಂದಿರಿಗೂ, ಗೆಳೆಯರು ಸಿಗುವ ಜಾಗಗಳಲ್ಲಿ ಆನ್‌ಲೈನ್ ಆಟವೂ ಒಂದು. ಊರಿನ ಗಡಿಯಾರ ಇಲ್ಲಿಗಿಂತ ಒಂದೂವರೆ ಗಂಟೆ ಮುಂದೆ. ಇಲ್ಲಿ ರಾತ್ರಿ ಒಂಬತ್ತಾದರೆ ಮಂಗಳೂರಿನಲ್ಲಿರುವ ತಮ್ಮನಿಗೆ ಹತ್ತೂವರೆ. ಇಬ್ಬರೂ ಜೊತೆಗೆ ಆಡಲು ಸಿಗುವುದು ಹೆಚ್ಚೆಂದರೆ ಒಂದೆರಡು ಗಂಟೆ.

ಆ ಒಂದೆರಡು ಗಂಟೆಗೂ ಒಂದು ತೊಡಕಿದೆ. ಪಾತ್ರಾಭಿನಯದ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ಒಂದು ಲೆವೆಲ್. ತಮ್ಮ 60ನೇ ಲೆವೆಲ್‌ನಲ್ಲಿದ್ದು ಅಣ್ಣ 12ರಲ್ಲಿದ್ದರೆ ತಮ್ಮ ಹೋಗುವ ಡಂಜನ್‌ನ, ಅಂದರೆ ರಾಕ್ಷಸರ ಬಿಡಾರದ, ಬಾಗಿಲು ಅಣ್ಣನಿಗೆ ತೆರೆಯುವುದಿಲ್ಲ. ತೆರೆದರೂ ಮೊದಲ ರಾಕ್ಷಸನ ಒಂದೇ ಏಟಿಗೆ ಅವನ ಆಟ ಮುಗಿಯುತ್ತದೆ. ಆಗ ಆಟದೊಳಗಿನ ಅಂಗಡಿ ಒಂದು ಉಪಾಯ ಹೇಳುತ್ತದೆ: ಇಷ್ಟು ದುಡ್ಡು ಕೊಡಿ, ಈಗಲೇ ಮೇಲಿನ ಲೆವೆಲ್‌ಗೆ ಹೋಗಿ ನಿಲ್ಲಿ. ಇದೇ ಲೆವೆಲ್ ಬೂಸ್ಟ್. ಇದರಿಂದ ಆಟದ ಸಮುದಾಯಕ್ಕೆ ಒಳ್ಳೆಯದಾಗುತ್ತದೆಯೋ ಕೆಟ್ಟದಾಗುತ್ತದೆಯೋ ಎಂಬ ಜಗಳಕ್ಕೆ ಈಗ ಹತ್ತು ವರ್ಷ ದಾಟಿದೆ. ಈ ಲೇಖನದ ಉತ್ತರ, ಕೆಟ್ಟದಾಗುತ್ತದೆ ಎಂದೇ. ಆದರೆ ಸಾಮಾನ್ಯವಾಗಿ ಕೊಡುವ ಕಾರಣ ಬೇರೆ, ನಿಜವಾದ ಕಾರಣ ಬೇರೆ.

2004ರ ನವೆಂಬರ್‌ನಲ್ಲಿ ಬ್ಲಿಝಾರ್ಡ್ ಕಂಪನಿ ಬಿಡುಗಡೆ ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಈ ಬಗೆಯ ಆಟಗಳಿಗೆಲ್ಲ ಅಳತೆಗೋಲಾಯಿತು. ಸುಮಾರು ಹತ್ತು ವರ್ಷ ಕಂಪನಿ ಅಲ್ಲಿ ಲೆವೆಲ್‌ಗಳನ್ನು ದುಡ್ಡಿಗೆ ಮಾರಲಿಲ್ಲ. 2014ರಲ್ಲಿ ವಾರ್‌ಲಾರ್ಡ್ಸ್ ಆಫ್ ಡ್ರೇನರ್ ಎಂಬ ವಿಸ್ತರಣೆಯ ಜೊತೆಗೆ, ಒಂದು ಪಾತ್ರವನ್ನು ನೇರವಾಗಿ 90ನೇ ಲೆವೆಲ್‌ಗೆ ಏರಿಸುವ ಅವಕಾಶವನ್ನು ಕಂಪನಿ ಕೊಟ್ಟಿತು. ಇನ್ನೂ ಬೇಕೆಂದವರಿಗೆ ಒಂದಕ್ಕೆ 60 ಡಾಲರ್, ಅಂದರೆ ಸುಮಾರು 220 ದಿರ್ಹಮ್. ಇಷ್ಟೊಂದು ಬೆಲೆ ಏಕೆ ಎಂದು ಕೇಳಿದಾಗ ಆಟದ ಹಿರಿಯ ವಿನ್ಯಾಸಕ ಅಯಾನ್ ಹಜಿಕೋಸ್ಟಾಸ್ ಕೊಟ್ಟ ಕಾರಣ ಗಮನಿಸಬೇಕಾದದ್ದು: ಆಡಿ ಏರಿದವರ ಶ್ರಮದ ಬೆಲೆ ಕುಗ್ಗಬಾರದೆಂದೇ ದರವನ್ನು ಎತ್ತರದಲ್ಲಿಟ್ಟಿದ್ದಾರೆ. ಮಾರುವವರೇ ಒಪ್ಪಿಕೊಂಡಂತಾಯಿತು, ಈ ಸರಕು ಅಗ್ಗವಾದರೆ ಆಟಕ್ಕೇ ಪೆಟ್ಟು. ಹಾಗೆ ಏರಿಸಿದ ಪಾತ್ರಕ್ಕೆ ಎಲ್ಲ ವಿದ್ಯೆಗಳನ್ನೂ ಒಮ್ಮೆಗೇ ಕೊಡದೆ, ವಿಸ್ತರಣೆಯ ಮೊದಲ ಭಾಗವನ್ನು ಆಡುತ್ತ ಹೋದಂತೆ ಒಂದೊಂದಾಗಿ ತೆರೆದು ಕೊಡುವ ಏರ್ಪಾಡನ್ನೂ ಮಾಡಿದರು. ಲೆವೆಲ್ ಬಂದ ಮಾತ್ರಕ್ಕೆ ಆಟ ಬರುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಬೂಸ್ಟ್ ಕೊಳ್ಳುವವರ ಪರ ಹೇಳಬೇಕಾದ ಮಾತುಗಳಿವೆ, ಅವು ಹಗುರವಾದವಲ್ಲ. ಬೆಳಿಗ್ಗೆ ಏಳಕ್ಕೆ ಮುಸಫಾ ಕಡೆ ಕೆಲಸಕ್ಕೆ ಹೊರಟು ಸಂಜೆ ಏಳಕ್ಕೆ ಮನೆ ಸೇರುವ ಎಂಜಿನಿಯರ್‌ಗೆ ನೂರು ಗಂಟೆಯ ದಾರಿಯನ್ನು ಆಡಿಯೇ ಮುಗಿಸು ಎನ್ನುವುದು ಸುಲಭ. ಅವನಿಗೆ ಬೇಕಾದದ್ದು ಪದವಿಯಲ್ಲ, ತಮ್ಮನ ಜೊತೆ. ಹಿಂದೆ ಒಮ್ಮೆ ಆ ದಾರಿ ನಡೆದು, ಕೆಲಸ, ಮದುವೆ, ಮಗು ಅಂತ ಆಟ ಬಿಟ್ಟು, ಮತ್ತೆ ಮರಳಿದವಳಿಗೆ ಅದೇ ಹಂದಿಗಳನ್ನು ಎರಡನೇ ಸಲ ಬೇಟೆಯಾಡುವುದರಲ್ಲಿ ಯಾವ ಸುಖ? ಗೆಳೆಯರ ಗುಂಪು ಮೊದಲೇ ಇದ್ದವರನ್ನು ಅವರ ಗುಂಪಿಗೆ ಬೇಗ ಸೇರಿಸಿದರೆ ಸಮುದಾಯಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಬೂಸ್ಟನ್ನು ಬೈಯುವವರು ಮರೆಯುವ ಇನ್ನೊಂದು ಸಂಗತಿಯಿದೆ. 2006ರಲ್ಲಿ ನಿಕೋಲಾ ಡುಶೆನೊ, ನಿಕ್ ಯೀ ಮತ್ತು ಅವರ ಸಂಗಡಿಗರು ವಾರ್‌ಕ್ರಾಫ್ಟ್ ಆಟಗಾರರ ನಡವಳಿಕೆಯನ್ನು ಆಟದೊಳಗಿಂದಲೇ ಅಂಕಿ ಅಂಶ ಕಲೆಹಾಕಿ ಅಧ್ಯಯನ ಮಾಡಿದರು. ಹೆಚ್ಚಿನವರು ಕೆಳಗಿನ ಲೆವೆಲ್‌ಗಳನ್ನು ಒಬ್ಬಂಟಿಯಾಗಿಯೇ ದಾಟುತ್ತಾರೆ, ಗುಂಪು ಕಟ್ಟಿ ಆಡುವುದು ಹೆಚ್ಚಾಗುವುದು ಕೊನೆಯ ಲೆವೆಲ್‌ಗಳ ಹತ್ತಿರ ಎಂದು ಅವರಿಗೆ ಕಂಡಿತು. ಹಾಗಾದರೆ ಕೆಳಗಿನ ದಾರಿಯಲ್ಲಿ ಮೊದಲಿನಿಂದಲೂ ಸಮುದಾಯವೇ ಇರಲಿಲ್ಲವೇ? ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳಿತು. ಒಂಟಿಯಾಗಿ ಆಡುವವರಿಗೂ ಸುತ್ತ ಜನ ಬೇಕು. ತಾವು ಏನು ಮಾಡುತ್ತಿದ್ದೇವೆ ಎಂದು ನೋಡುವವರು, ದಾರಿಯಲ್ಲಿ ಎದುರಾಗುವವರು, ಮಾತಿನ ಸದ್ದು, ಅಪರೂಪದ ಕವಚ ತೊಟ್ಟು ಕುದುರೆಯೇರಿ ಹೋಗುವ ಹಿರಿಯನನ್ನು ಕಂಡು ಆಗುವ ಬೆರಗು. ಜಾತ್ರೆಯ ಗದ್ದಲದಲ್ಲಿ ಒಬ್ಬನೇ ಸುತ್ತುವವನೂ ಜಾತ್ರೆಗೇ ಸೇರಿದವನು.

ನಿಜವಾದ ನಷ್ಟ ಇರುವುದು ಇಲ್ಲೇ. ಬೂಸ್ಟ್ ಕೊಂಡವನಿಗೆ ಆಟ ಬರುವುದಿಲ್ಲ ಎಂಬ ದೂರು ದೊಡ್ಡದಾಗಿ ಕೇಳಿಸುತ್ತದೆ. ಡಂಜನ್‌ನಲ್ಲಿ ಹೀಲರ್ ಆಗಿ, ಅಂದರೆ ಜೊತೆಗಾರರ ಗಾಯ ಮಾಯಿಸುವವನಾಗಿ, ನಿಂತವನಿಗೆ ಯಾವಾಗ ಯಾರನ್ನು ಉಳಿಸಬೇಕೆಂದು ತಿಳಿಯದೆ ಐವರೂ ಸತ್ತರೆ ಸಿಟ್ಟು ಬರುವುದು ಸಹಜ. ಆದರೆ ಅದು ನಾಲ್ಕು ವಾರಗಳಲ್ಲಿ ಸರಿಹೋಗುವ ತೊಂದರೆ. ಸರಿಹೋಗದೆ ಉಳಿಯುವುದು ಕೆಳಗಿನ ಊರುಗಳು ಖಾಲಿಯಾಗುವ ತೊಂದರೆ. ಹತ್ತು ಜನರಲ್ಲಿ ಆರು ಜನ ದುಡ್ಡು ಕೊಟ್ಟು ಮೇಲೆ ಹಾರಿದರೆ, ಕೊಡಲಾಗದ ಅಥವಾ ಕೊಡಲು ಒಲ್ಲದ ಉಳಿದ ನಾಲ್ವರು ಬಿಕೋ ಎನ್ನುವ ಕಾಡಿನಲ್ಲಿ ಅಲೆಯಬೇಕು. ಐದು ಜನ ಸೇರಿ ಹೊಡೆಯಬೇಕಾದ ರಾಕ್ಷಸನ ಎದುರು ಅವರು ಐದನೆಯವನಿಗಾಗಿ ಕಾಯುತ್ತಾರೆ, ಅವನು ಬರುವುದಿಲ್ಲ. ಆಮೇಲೆ ಅವರಿಗೂ ಎರಡೇ ದಾರಿ: ದುಡ್ಡು ಕೊಡುವುದು, ಇಲ್ಲ ಆಟ ಬಿಡುವುದು. ಬೂಸ್ಟ್ ಮಾರಾಟದಿಂದ ಬರುವ ಪೆಟ್ಟು ಕೊಂಡವನಿಗಿಂತ ಕೊಳ್ಳದವನಿಗೆ ಹೆಚ್ಚು. ಅದರಲ್ಲೂ ಆಟದೊಳಗೆ ಯಾರ ಪರಿಚಯವೂ ಇಲ್ಲದೆ, ಗೆಳೆಯರು ಸಿಗಲಿ ಎಂದೇ ಬಂದ ಹೊಸಬನಿಗೆ.

ಕರಾವಳಿಯವರಿಗೆ ಇದನ್ನು ಯಕ್ಷಗಾನದ ಮೇಳದ ಮೂಲಕ ಹೇಳಿದರೆ ಬೇಗ ತಿಳಿಯುತ್ತದೆ. ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಮೊದಲು ಕಟ್ಟುತ್ತಿದ್ದದ್ದು ಕೋಡಂಗಿ ವೇಷ. ಆಮೇಲೆ ಬಾಲಗೋಪಾಲ, ಪೀಠಿಕೆಯ ಸ್ತ್ರೀವೇಷ, ಮುಂದೆ ಪುಂಡುವೇಷ, ಹೀಗೆ ವರ್ಷಗಟ್ಟಲೆ. ಪೂರ್ವರಂಗದ ಹೊತ್ತಿಗೆ ಪ್ರೇಕ್ಷಕರು ಇನ್ನೂ ಸೇರಿರುವುದಿಲ್ಲ, ತಪ್ಪು ಹೆಜ್ಜೆ ಹಾಕಲು ಅದೇ ಸರಿಯಾದ ಸಮಯ. ತಪ್ಪಿದರೆ ಭಾಗವತರು ಗದರುತ್ತಾರೆ. ವೇಷ ಕಟ್ಟುವ ಚೌಕಿಯಲ್ಲಿ ಹಿರಿಯ ಕಲಾವಿದರು ಬಣ್ಣ ಬರೆಯುವುದನ್ನು ನೋಡುತ್ತ ಹುಡುಗ ಮುಖವರ್ಣಿಕೆ ಕಲಿಯುತ್ತಾನೆ. ಆ ವರ್ಷಗಳಲ್ಲಿ ಅವನು ಕುಣಿತ ಕಲಿತಷ್ಟೇ ಮುಖ್ಯವಾದ ಇನ್ನೊಂದೂ ನಡೆಯುತ್ತಿತ್ತು. ಇವನು ಯಾರು, ಎಂಥವನು, ಎಷ್ಟು ನಂಬಬಹುದು ಎಂದು ಮೇಳ ಅವನನ್ನು ಅರಿತುಕೊಳ್ಳುತ್ತಿತ್ತು. ಮೊದಲ ದಿನವೇ ಬಣ್ಣದ ವೇಷ ಕೊಂಡು ರಂಗಸ್ಥಳಕ್ಕೆ ಬಂದವನಿಗೆ ಕುಣಿತ ಬಂದರೂ ಚೌಕಿಯಲ್ಲಿ ಅವನ ಪಕ್ಕದವನಿಗೆ ಅವನ ಹೆಸರು ಗೊತ್ತಿರುವುದಿಲ್ಲ.

2021ರಲ್ಲಿ ಆಟದೊಳಗೇ ಇದಕ್ಕೆ ಕಣ್ಣಿಗೆ ಕಟ್ಟುವಂಥ ಉದಾಹರಣೆ ಸಿಕ್ಕಿತು. ಹಳೆಯ ವಾರ್‌ಕ್ರಾಫ್ಟನ್ನೇ ಇದ್ದಂತೆ ಆಡಬೇಕು ಎಂದು ಹಟ ಹಿಡಿದ ಅಭಿಮಾನಿಗಳಿಗಾಗಿ ಬ್ಲಿಝಾರ್ಡ್ 2019ರ ಆಗಸ್ಟ್‌ನಲ್ಲಿ ಕ್ಲಾಸಿಕ್ ಎಂಬ ಆವೃತ್ತಿ ತಂದಿತ್ತು. ಅಲ್ಲಿ ದಾರಿ ದೂರ, ನಡಿಗೆ ನಿಧಾನ, ಗುಂಪು ಬೇಕೆಂದರೆ ಊರಿನ ಬಾಗಿಲಲ್ಲಿ ನಿಂತು ಕೂಗಬೇಕು. ಜನ ಅದಕ್ಕಾಗಿಯೇ ಮರಳಿದ್ದರು. ಎರಡು ವರ್ಷದ ಮೇಲೆ ಅದರ ವಿಸ್ತರಣೆಯಾಗಿ ಬರ್ನಿಂಗ್ ಕ್ರುಸೇಡ್ ಕ್ಲಾಸಿಕ್ ಬಂದಾಗ, 58ನೇ ಲೆವೆಲ್‌ಗೆ ನೇರ ಏರಿಸುವ ಡಾರ್ಕ್ ಪೋರ್ಟಲ್ ಪಾಸ್ 40 ಡಾಲರ್‌ಗೆ, ಅಂದರೆ ಹೆಚ್ಚುಕಡಿಮೆ 147 ದಿರ್ಹಮ್‌ಗೆ, ಅಂಗಡಿಗೆ ಬಂತು. ಪಾಸಿನ ಜೊತೆ ವಿಶೇಷ ಸವಾರಿ ಪ್ರಾಣಿಯೊಂದನ್ನೂ ಸೇರಿಸಿದ ಡೀಲಕ್ಸ್ ಆವೃತ್ತಿಗೆ 70 ಡಾಲರ್. ಒಂದು ಖಾತೆಗೆ ಒಂದೇ ಬೂಸ್ಟ್, ಆ ವಿಸ್ತರಣೆಯ ಹೊಸ ಎರಡು ಕುಲಗಳಿಗೆ ಬೂಸ್ಟ್ ಇಲ್ಲ ಎಂಬ ಮಿತಿಗಳನ್ನು ಕಂಪನಿ ಇಟ್ಟಿತ್ತು, ಅದು ಒಳ್ಳೆಯದೇ. ಆದರೂ ಆ ಪ್ರಾಣಿಯ ಮೇಲೆ ಕುಳಿತು ಬಂದವರ ಮೇಲೆ ಉಳಿದ ಆಟಗಾರರು ಉಗುಳತೊಡಗಿದರು. ಆಟದಲ್ಲಿ ಉಗುಳುವ ಆಜ್ಞೆಯೊಂದಿತ್ತು, ಅದನ್ನು ಬಳಸಿದರೆ ಇಂಥವರು ಇಂಥವರ ಮೇಲೆ ಉಗುಳಿದರು ಎಂಬ ಸಾಲು ತೆರೆಯಲ್ಲಿ ಮೂಡುತ್ತಿತ್ತು. ಕೆಲವೇ ತಿಂಗಳಲ್ಲಿ ಕಂಪನಿ ಆ ಆಜ್ಞೆಯನ್ನು ಇನ್ನೊಬ್ಬ ಆಟಗಾರನತ್ತ ಬಳಸಲಾಗದಂತೆ ಮಾಡಬೇಕಾಯಿತು.

ಉಗುಳಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆ ಪ್ರಾಣಿಯ ಮೇಲೆ ಕುಳಿತವರಲ್ಲಿ ಮೊದಲ ಸಲ ಆಟಕ್ಕೆ ಬಂದವರೂ ಇದ್ದಿರಬಹುದು. ಅಂಥವರಿಗೆ ಸಮುದಾಯದಿಂದ ಸಿಕ್ಕ ಮೊದಲ ಸ್ವಾಗತ ಅದೇ ಆಯಿತು. ಆದರೆ ಆ ಸಿಟ್ಟು ಹೋಗಬೇಕಾಗಿದ್ದದ್ದು ಅಂಗಡಿ ಇಟ್ಟವರ ಕಡೆಗೆ, ಅದು ಹೋದದ್ದು ಗಿರಾಕಿಯ ಕಡೆಗೆ. ಹಣದಿಂದ ಏರುವ ದಾರಿ ತೆರೆದಾಗಲೆಲ್ಲ ಹೀಗೆಯೇ ಆಗುತ್ತದೆ. ಜನರು ಒಬ್ಬರನ್ನೊಬ್ಬರು ಏರಿದವರು, ಕೊಂಡವರು ಎಂದು ಎರಡು ಪಂಗಡ ಮಾಡಿ ನೋಡತೊಡಗುತ್ತಾರೆ. ಎದುರಿಗೆ ನಿಂತವನ ಕೈಯಲ್ಲಿರುವ ಕತ್ತಿ ಹೇಗೆ ಬಂತು ಎಂಬ ಅನುಮಾನ ಮಾತಿಗಿಂತ ಮೊದಲು ಬರುತ್ತದೆ.

ಹಾಗೆಂದು ಎಲ್ಲ ಕೇಡನ್ನೂ ಬೂಸ್ಟ್‌ನ ತಲೆಗೆ ಕಟ್ಟುವುದು ನ್ಯಾಯವಲ್ಲ. 2009ರ ಡಿಸೆಂಬರ್‌ನಲ್ಲೇ ವಾರ್‌ಕ್ರಾಫ್ಟ್‌ಗೆ ಡಂಜನ್ ಫೈಂಡರ್ ಬಂದಿತ್ತು. ಒಂದು ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಅದೇ ಜೋಡಿಸುತ್ತದೆ, ಡಂಜನ್‌ಗೆ ಅದೇ ಕರೆದೊಯ್ಯುತ್ತದೆ. ಕಾಯುವ ಕಷ್ಟ ತಪ್ಪಿತು. ಜೊತೆಗೇ, ಇವತ್ತು ಸಹಾಯ ಮಾಡಿದವನನ್ನು ನಾಳೆ ಮತ್ತೆ ಕಾಣುವ ಸಂಭವವೂ ತಪ್ಪಿತು. ಯಾರೊಡನೆಯೂ ಕೆಟ್ಟದಾಗಿ ನಡೆದುಕೊಂಡರೂ ಹೆಸರು ಕೆಡುವುದಿಲ್ಲ, ಏಕೆಂದರೆ ಹೆಸರು ನೆನಪಿಡುವವರೇ ಇಲ್ಲ. ಬೂಸ್ಟ್ ಮಾರಾಟ ಬಂದದ್ದು ಹೀಗೆ ಮೊದಲೇ ಸಡಿಲಗೊಂಡ ಕಡೆಗೆ. ಇದಲ್ಲದೆ ಆಟಗಾರರೇ ಆಟದ ಚಿನ್ನಕ್ಕೆ ಬೂಸ್ಟ್ ಮಾರುವ ದೊಡ್ಡ ದೊಡ್ಡ ತಂಡಗಳೂ ಹುಟ್ಟಿಕೊಂಡು, ಸರ್ವರ್‌ಗಳನ್ನು ದಾಟಿ ವ್ಯಾಪಾರ ನಡೆಸುವ ಅಂಥ ಸಂಸ್ಥೆಗಳನ್ನು 2022ರ ಆರಂಭದಲ್ಲಿ ಬ್ಲಿಝಾರ್ಡ್ ನಿಷೇಧಿಸಿತು. ದಕ್ಷಿಣ ಕೊರಿಯಾದಲ್ಲಂತೂ ದುಡ್ಡು ಪಡೆದು ಇನ್ನೊಬ್ಬರ ಖಾತೆಯಲ್ಲಿ ಆಡಿ ಏರಿಸಿಕೊಡುವ ದಂಧೆ 2019ರಿಂದ ಶಿಕ್ಷಾರ್ಹ ಅಪರಾಧ.

ಆಟದ ಸಮುದಾಯಕ್ಕೆ ಇಷ್ಟೊಂದು ಚಿಂತೆ ಬೇಕೇ ಎಂದು ಕೇಳುವ ಹಿರಿಯರು ನಾರ್ವೆಯ ಮಾಟ್ಸ್ ಸ್ಟೀನ್‌ನ ಬಗ್ಗೆ ತಿಳಿಯಬೇಕು. ಡುಶೆನ್ ಸ್ನಾಯುಕ್ಷಯ ಅವನ ದೇಹವನ್ನು ವರ್ಷದಿಂದ ವರ್ಷಕ್ಕೆ ಕಟ್ಟಿಹಾಕುತ್ತ ಬಂದು, 2014ರ ನವೆಂಬರ್‌ನಲ್ಲಿ 25ನೇ ವಯಸ್ಸಿಗೆ ಅವನು ತೀರಿಕೊಂಡ. ಮಗ ಗೆಳೆಯರಿಲ್ಲದೆ, ಗಾಲಿಕುರ್ಚಿಯಲ್ಲಿ ಕುಳಿತು ಆಟದಲ್ಲೇ ದಿನ ಕಳೆದ ಎಂದು ತಂದೆ ತಾಯಿ ದುಃಖಿಸಿದ್ದರು. ಸಾವಿನ ಸುದ್ದಿಯನ್ನು ಅವನ ಬ್ಲಾಗಿನಲ್ಲಿ ಹಾಕಿದಾಗ ಪರಿಚಯವೇ ಇಲ್ಲದವರಿಂದ ಪತ್ರಗಳು ಬರತೊಡಗಿದವು. ವಾರ್‌ಕ್ರಾಫ್ಟ್‌ನ ಸ್ಟಾರ್‌ಲೈಟ್ ಎಂಬ ಗಿಲ್ಡ್‌ನಲ್ಲಿ, ಅಂದರೆ ಆಟಗಾರರ ಸಂಘದಲ್ಲಿ, ಅವನು ಇಬೆಲಿನ್ ಎಂಬ ಪಾತ್ರವಾಗಿ ವರ್ಷಗಳ ಕಾಲ ಬದುಕಿದ್ದ, ಅಲ್ಲಿನವರ ಮನೆಯ ಕಷ್ಟಗಳಿಗೆ ಕಿವಿಯಾಗಿದ್ದ. ಅವರಲ್ಲಿ ಕೆಲವರು ಬೇರೆ ದೇಶಗಳಿಂದ ಪ್ರಯಾಣ ಮಾಡಿ ಅಂತ್ಯಕ್ರಿಯೆಗೆ ಬಂದರು. ಬೆಂಜಮಿನ್ ರೀ 2024ರಲ್ಲಿ ಇದನ್ನೇ ಸಾಕ್ಷ್ಯಚಿತ್ರ ಮಾಡಿದರು. ಆ ಪತ್ರಗಳನ್ನು ಬರೆಸಿದ್ದು ಇಬೆಲಿನ್‌ನ ಲೆವೆಲ್ ಅಲ್ಲ, ಅವನ ಜೊತೆ ಅವರು ಆಡಿದ ಮಾತು. ಅಂಥ ಮಾತಿಗೆ ಆತುರವಿಲ್ಲದ ಹೊತ್ತು ಬೇಕು, ಜೊತೆಗೆ ನಡೆಯುವ ದಾರಿ ಬೇಕು.

ಬೂಸ್ಟ್ ಮಾರಿಯೂ ಆ ದಾರಿಯನ್ನು ಉಳಿಸಿಕೊಂಡ ಆಟಗಳಿವೆ. ಜಪಾನಿನ ಫೈನಲ್ ಫ್ಯಾಂಟಸಿ 14 ಆಟ 2017ರಿಂದ ಲೆವೆಲ್ ಏರಿಸುವ ಪುಸ್ತಕಗಳನ್ನು ಮಾರುತ್ತಿದೆ. ಆದರೆ ಅಲ್ಲಿ ಹೊಸಬನ ಹೆಸರಿನ ಪಕ್ಕ ಒಂದು ಎಳೆಯ ಸಸಿಯ ಗುರುತು ಕಾಣುತ್ತದೆ, ಅದನ್ನು ಕಂಡ ಹಳಬರು ಕಲಿಸಲು ಮುಂದಾಗುತ್ತಾರೆ. ಹಳೆಯ ಡಂಜನ್‌ಗಳಿಗೆ ದಿನಕ್ಕೊಮ್ಮೆ ಹೋದರೆ ಹಳಬರಿಗೂ ಬಹುಮಾನವುಂಟು. ಗುಂಪಿನಲ್ಲಿ ಆ ಡಂಜನ್ನನ್ನು ಮೊದಲ ಸಲ ನೋಡುತ್ತಿರುವವರು ಇದ್ದರೆ ಬಹುಮಾನ ಇನ್ನೂ ಹೆಚ್ಚು. ಅಲ್ಲಿ ಹೊಸಬ ಗುಂಪಿಗೆ ಸೇರಿದರೆ ಉಳಿದವರಿಗೆ ಖುಷಿ. 2012ರ ಗಿಲ್ಡ್ ವಾರ್ಸ್ 2 ಇನ್ನೂ ಮುಂದೆ ಹೋಗಿದೆ. 80ನೇ ಲೆವೆಲ್‌ನವನು ಮೊದಲ ಊರಿಗೆ ಮರಳಿದರೆ ಅವನ ಬಲ ಆ ಊರಿಗೆ ತಕ್ಕಷ್ಟಕ್ಕೆ ತಾನಾಗಿ ಇಳಿಯುತ್ತದೆ. ಹಾಗಾಗಿ ಅಣ್ಣನೂ ತಮ್ಮನೂ ಮೊದಲ ದಿನವೇ ಜೊತೆಗೆ ಆಡಬಹುದು. ಆ ಆಟದಲ್ಲಿ ಕೊನೆಯ ಲೆವೆಲ್ ಅಂದೂ 80, ಇಂದೂ 80. ವಾರ್‌ಕ್ರಾಫ್ಟ್ ಕೂಡ 2020ರಲ್ಲಿ 120 ಲೆವೆಲ್‌ಗಳನ್ನು 50ಕ್ಕೆ ಇಳಿಸಿ ದಾರಿಯನ್ನೇ ಮೊಟಕು ಮಾಡಿತು. ಎಲ್ಲರಿಗೂ ದಾರಿ ಹತ್ತಿರವಾದರೆ ಯಾರೂ ಹಾರಬೇಕಾಗಿಲ್ಲ. ದಾರಿಯನ್ನು ಬೇಸರವಾಗುವಷ್ಟು ಉದ್ದ ಇಟ್ಟು ಅದನ್ನು ತಪ್ಪಿಸಲು ಹಣ ಕೇಳುವುದು ಮಾತ್ರ ಆಟಗಾರನಿಗೆ ಮಾಡುವ ಅನ್ಯಾಯ.

ಅಲ್ ರೀಮ್‌ನಿಂದ ಕಾರಿನಲ್ಲಿ ಅರ್ಧ ಗಂಟೆಯೊಳಗೆ ಯಾಸ್ ಐಲ್ಯಾಂಡ್. ಅಲ್ಲಿನ ಯಾಸ್ ಕ್ರಿಯೇಟಿವ್ ಹಬ್ ಇಂದು ಅಬುಧಾಬಿಯ ಗೇಮಿಂಗ್ ಉದ್ಯಮದ ನೆಲೆ. ಯೂಬಿಸಾಫ್ಟ್ ಕಂಪನಿ ಅಬುಧಾಬಿಯಲ್ಲಿ ಸ್ಟುಡಿಯೊ ತೆರೆದದ್ದು 2011ರಲ್ಲಿ. 2017ರಲ್ಲಿ ಕಂಪನಿ ಕೊಂಡುಕೊಂಡ ಗ್ರೋಟೋಪಿಯಾ ಎಂಬ ಆಟವನ್ನು ಬೆಳೆಸುತ್ತ ಬಂದದ್ದು ಇದೇ ಸ್ಟುಡಿಯೊ. ಆಟಗಾರರೇ ಮರ ಬೆಳೆಸಿ, ಇಟ್ಟಿಗೆ ಕೂಡಿಸಿ, ತಮ್ಮ ತಮ್ಮ ಲೋಕ ಕಟ್ಟುವ ಆಟ ಅದು. ಕಟ್ಟಿದ ಲೋಕವನ್ನು ಕಾಯಲು ಬೀಗ ಬೇಕು. ವರ್ಲ್ಡ್ ಲಾಕ್ ಎಂಬ ಬೀಗಕ್ಕೆ 2,000 ರತ್ನಗಳು. ರತ್ನಗಳನ್ನು ಆಡಿ ಗಳಿಸಬಹುದು, ದುಡ್ಡು ಕೊಟ್ಟೂ ಕೊಳ್ಳಬಹುದು. ಆ ಬೀಗವೇ ಆಟಗಾರರ ನಡುವೆ ನಾಣ್ಯದಂತೆ ಚಲಾವಣೆಯಲ್ಲಿದೆ. ಅಲ್ಲಿ ದುಡ್ಡಿದ್ದವನು ಬೇಗ ಶ್ರೀಮಂತನಾಗುತ್ತಾನೆ, ನಿಜ. ಆದರೆ ಇನ್ನೊಬ್ಬನ ಲೋಕದಲ್ಲಿ ಒಂದು ಇಟ್ಟಿಗೆ ಇಡಬೇಕಾದರೂ ಆ ಲೋಕದ ಒಡೆಯ ಅನುಮತಿ ಕೊಡಬೇಕು. ನಂಬಿ ಅನುಮತಿ ಕೊಟ್ಟವರನ್ನು ದೋಚುವ ಮೋಸವೂ ಅಲ್ಲಿ ಬಹಳ. ಹಾಗಾಗಿ ಯಾರನ್ನು ನಂಬಬೇಕೆಂದು ಮಕ್ಕಳು ಕಲಿಯುವುದು ತಿಂಗಳುಗಟ್ಟಲೆ ಒಟ್ಟಿಗೆ ಆಡಿಯೇ. ರತ್ನದ ಮೂಟೆ ಈ ಕಲಿಕೆಯನ್ನು ಬೇಗ ಮುಗಿಸಿಕೊಡುವುದಿಲ್ಲ.

ಈ ಕಡೆ ಸರ್ಕಾರಗಳ ಗಮನ ಬೇರೆಡೆ ಇದೆ. ದುಬೈ 2023ರ ನವೆಂಬರ್‌ನಲ್ಲಿ ಘೋಷಿಸಿದ ಗೇಮಿಂಗ್ 2033 ಯೋಜನೆಯ ಗುರಿ 30,000 ಉದ್ಯೋಗ ಮತ್ತು ಜಗತ್ತಿನ ಮೊದಲ ಹತ್ತು ಗೇಮಿಂಗ್ ನಗರಗಳಲ್ಲಿ ಸ್ಥಾನ. ಭಾರತದ 2025ರ ಆನ್‌ಲೈನ್ ಗೇಮಿಂಗ್ ಕಾಯಿದೆ ಹಣವನ್ನು ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ಬೂಸ್ಟ್‌ನಲ್ಲಿ ಪಣವಿಲ್ಲ, ಮರಳಿ ಬರುವ ಹಣವಿಲ್ಲ, ಆದ್ದರಿಂದ ಅದು ಆ ಕಾಯಿದೆಯ ಗುರಿಯಲ್ಲ. ಆಗಬೇಕಾಗಿಯೂ ಇಲ್ಲ. ಗೆಳೆತನ ಕಾನೂನಿನಿಂದ ಹುಟ್ಟುವುದಿಲ್ಲ, ಆಟದ ನಿಯಮದಿಂದ ಹುಟ್ಟಬಲ್ಲದು. ಬೂಸ್ಟ್ ಮಾರಲೇಬೇಕೆಂದಿದ್ದರೆ, ಆ ದಾರಿಯನ್ನು ಒಮ್ಮೆಯಾದರೂ ಕೊನೆಯತನಕ ನಡೆದವರಿಗೆ ಮಾತ್ರ, ಅವರ ಎರಡನೇ ಪಾತ್ರಕ್ಕೆ ಮಾತ್ರ ಮಾರಲಿ. ಹೊಸಬನಿಗೆ ಮಾರುವುದು ಬೇಡ. ಅವನ ಕೈ ಹಿಡಿದು ಕರೆತಂದ ಹಳಬನಿಗೆ ಬಹುಮಾನ ಸಿಗಲಿ.

ಇದು ಆಗದ ಮಾತಲ್ಲ, ಬ್ಲಿಝಾರ್ಡ್ ಒಮ್ಮೆ ಹೆಚ್ಚುಕಡಿಮೆ ಹೀಗೆಯೇ ಮಾಡಿತ್ತು. ಬೂಸ್ಟ್ ಮಾರಾಟಕ್ಕೆ ಆರು ವರ್ಷ ಮೊದಲು, 2008ರಲ್ಲಿ, ವಾರ್‌ಕ್ರಾಫ್ಟ್‌ಗೆ ಗೆಳೆಯನನ್ನು ಕರೆತರುವ ಯೋಜನೆಯೊಂದು ಬಂತು. ಕರೆದವನೂ ಬಂದವನೂ ಒಂದೇ ಗುಂಪಿನಲ್ಲಿ, ಒಬ್ಬರಿಗೊಬ್ಬರು ಹತ್ತಿರದಲ್ಲಿದ್ದು ಆಡಿದರೆ ಕೆಳಗಿನ ಲೆವೆಲ್‌ಗಳಲ್ಲಿ ಇಬ್ಬರಿಗೂ ಮೂರು ಪಟ್ಟು ಅನುಭವದ ಅಂಕ. ಒಬ್ಬ ದೂರ ಹೋದರೆ ಆ ಲಾಭವಿಲ್ಲ. ಹಳಬ ಇದಕ್ಕಾಗಿ ತನ್ನ ದೊಡ್ಡ ಪಾತ್ರವನ್ನು ಬದಿಗಿಟ್ಟು, ಹೊಸಬನ ಜೊತೆಗೆ ಇನ್ನೊಂದು ಪಾತ್ರವನ್ನು ಮೊದಲ ಲೆವೆಲ್‌ನಿಂದ ಶುರು ಮಾಡುತ್ತಿದ್ದ. ಶುಕ್ರವಾರ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಸಿಗುವ ಎರಡು ಗಂಟೆ ಅಂಥ ನಿಯಮದಲ್ಲಿ ಆರು ಗಂಟೆಯಷ್ಟಾಗುತ್ತದೆ, ಆ ಆರು ಗಂಟೆಯ ದಾರಿಯನ್ನು ಅಣ್ಣ ತಮ್ಮ ಇಬ್ಬರೂ ಜೊತೆಗೇ ನಡೆದಿರುತ್ತಾರೆ. ಯಾಸ್‌ನಲ್ಲಿ ಕುಳಿತು ಮುಂದಿನ ಆಟ ಕಟ್ಟುತ್ತಿರುವವರ ಮೇಜಿನ ಮೇಲೆ ಬೂಸ್ಟ್‌ನ ದರಪಟ್ಟಿಗಿಂತ ಮೊದಲು ಈ ಯೋಜನೆಯ ಒಂದು ಪ್ರತಿ ಇರಬೇಕು.